ಮಗುವಿನ ಜೀವ, ಹೆಸರು, ಗುರುತು: ಪದೇ ಪದೇ ಕೇಳುವ ಪ್ರಶ್ನೆಗಳು

ಬಾಣಂತಿಯ ಮನೆಯವರು, ಆಶಾ ಕಾರ್ಯಕರ್ತೆಯರು, ಶಾಲೆಯವರು, ದತ್ತು ಪಡೆಯಬೇಕೆಂದಿರುವ ದಂಪತಿಗಳು ಹೆಚ್ಚಾಗಿ ಕೇಳುವ ಪ್ರಶ್ನೆಗಳಿವು. ಮಗುವಿನ ಗುರುತಿಗೆ ಸಂಬಂಧಿಸಿದ ಮುಕ್ಕಾಲು ಪಾಲು ತಕರಾರು ಹೆರಿಗೆ ವಾರ್ಡಿನ ಗಡಿಬಿಡಿಯಲ್ಲಿ ತುಂಬಿದ ಒಂದೇ ಒಂದು ಹಾಳೆಯಿಂದ, ಅಂದರೆ ಜನನದ ಮಾಹಿತಿ ಕೊಡುವ ಫಾರಂ 1ರಿಂದ, ಶುರುವಾಗುತ್ತದೆ. ಹಾಗಾಗಿ ಆ ಹಾಳೆಯ ಬಗ್ಗೆಯೇ ಇಲ್ಲಿ ಮಾತು ಜಾಸ್ತಿ.

ಮಗುವಿಗೆ ಜೀವಿಸುವ ಹಕ್ಕು, ಗುರುತಿನ ಹಕ್ಕು ಅಂತ ಇರುವುದು ಎಲ್ಲಿ?

ಜೀವಿಸುವ ಹಕ್ಕು ಸಂವಿಧಾನದ 21ನೇ ವಿಧಿಯಲ್ಲಿದೆ. ಅದು ದೊಡ್ಡವರಿಗೆ ಎಷ್ಟೋ ಮಗುವಿಗೂ ಅಷ್ಟೇ. ವಿಶ್ವಸಂಸ್ಥೆ 1989ರ ನವೆಂಬರ್ 20ರಂದು ಅಂಗೀಕರಿಸಿದ ಮಕ್ಕಳ ಹಕ್ಕುಗಳ ಒಡಂಬಡಿಕೆಗೆ ಭಾರತ 1992ರ ಡಿಸೆಂಬರ್ 11ರಂದು ಸೇರಿತು. ಅದರ 6ನೇ ವಿಧಿ ಬದುಕು, ಉಳಿವು, ಬೆಳವಣಿಗೆಯ ಬಗ್ಗೆ ಹೇಳುತ್ತದೆ. ಹುಟ್ಟಿದ ಕೂಡಲೇ ನೋಂದಣಿ, ಹೆಸರು, ರಾಷ್ಟ್ರೀಯತೆ, ಸಾಧ್ಯವಿದ್ದಷ್ಟು ಮಟ್ಟಿಗೆ ತನ್ನ ತಂದೆತಾಯಿ ಯಾರೆಂದು ತಿಳಿಯುವ ಹಕ್ಕು 7ನೇ ವಿಧಿಯಲ್ಲಿವೆ. ಆ ಗುರುತನ್ನು ಯಾರೂ ಕಿತ್ತುಕೊಳ್ಳದಂತೆ ಕಾಯುವುದು 8ನೇ ವಿಧಿ.

ದಿನಬಳಕೆಯಲ್ಲಿ ಇದನ್ನೆಲ್ಲ ಜಾರಿಗೆ ತರುವುದು 1969ರ ಜನನ ಮರಣ ನೋಂದಣಿ ಕಾಯ್ದೆ. ಇದಕ್ಕೆ 2023ರಲ್ಲಿ ದೊಡ್ಡ ತಿದ್ದುಪಡಿಯಾಗಿ, ಅದು ಆ ವರ್ಷದ ಅಕ್ಟೋಬರ್ 1ರಿಂದ ಜಾರಿಗೆ ಬಂತು. ಆ ದಿನ ಮತ್ತು ಆಮೇಲೆ ಹುಟ್ಟಿದವರಿಗೆ ಶಾಲೆ, ವಾಹನ ಚಾಲನಾ ಪರವಾನಗಿ, ಮತದಾರರ ಪಟ್ಟಿ, ಮದುವೆ ನೋಂದಣಿ, ಸರ್ಕಾರಿ ಕೆಲಸ, ಪಾಸ್‌ಪೋರ್ಟ್ ಎಲ್ಲಕ್ಕೂ ಹುಟ್ಟಿದ ದಿನ ಮತ್ತು ಜಾಗದ ಪುರಾವೆ ಜನನ ಪ್ರಮಾಣಪತ್ರವೇ. ಮೊದಲು ಎಸ್ಸೆಸ್ಸೆಲ್ಸಿ ಅಂಕಪಟ್ಟಿ ತೋರಿಸಿ ಪಾರಾಗುತ್ತಿದ್ದೆವು. ಈ ಮಕ್ಕಳಿಗೆ ಆ ದಾರಿ ಇಲ್ಲ.

ಹುಟ್ಟಿ ಐದೇ ನಿಮಿಷಕ್ಕೆ ಮಗು ತೀರಿಕೊಂಡಿತು. ಅದನ್ನೂ ನೋಂದಾಯಿಸಬೇಕೇ?

ಹೌದು, ಎರಡು ಸಲ. ಜನನ ಒಂದು, ಮರಣ ಇನ್ನೊಂದು. ಗರ್ಭ ಎಷ್ಟು ವಾರದ್ದೇ ಆಗಿರಲಿ, ಹೊರಬಂದ ಮೇಲೆ ಮಗು ಒಮ್ಮೆ ಉಸಿರಾಡಿದ್ದರೂ ಅಥವಾ ಜೀವದ ಬೇರೆ ಯಾವುದೇ ಲಕ್ಷಣ ತೋರಿಸಿದ್ದರೂ ಕಾನೂನಿನ ಲೆಕ್ಕದಲ್ಲಿ ಅದು ಜೀವಂತ ಜನನ. ಫಾರಂ 1 ತುಂಬಿ ಜನನ, ಫಾರಂ 2 ತುಂಬಿ ಮರಣ ದಾಖಲಿಸಬೇಕು. 28 ವಾರ ತುಂಬಿದ ಮೇಲೆ ಜೀವದ ಲಕ್ಷಣವೇ ಇಲ್ಲದೆ ಹುಟ್ಟಿದರೆ ಅದು ನಿರ್ಜೀವ ಜನನ, ಅದಕ್ಕೆ ಫಾರಂ 3.

ಇಲ್ಲಿ ಆಗುವ ತಪ್ಪು ಒಂದೇ ಬಗೆಯದು. ಮನೆಯವರ ಸಂಕಟ ನೋಡಿ ಆಸ್ಪತ್ರೆಯವರೇ ‘ಸತ್ತು ಹುಟ್ಟಿತು’ ಎಂದು ಬರೆದುಬಿಡುತ್ತಾರೆ. ಒಂದು ಫಾರಂ ಉಳಿಯುತ್ತದೆ ನಿಜ. ಆದರೆ ಬದುಕಿದ್ದ ಒಂದು ಜೀವ ಲೆಕ್ಕಕ್ಕೇ ಬರುವುದಿಲ್ಲ. ನವಜಾತ ಶಿಶು ಮರಣದ ಅಂಕಿ ತಪ್ಪುತ್ತದೆ, ತಾಯಿಯ ಮುಂದಿನ ಬಸಿರಿನಲ್ಲಿ ವೈದ್ಯರು ನೋಡಬೇಕಾದ ಚರಿತ್ರೆಯೂ ತಪ್ಪುತ್ತದೆ. ಮಗು ಅತ್ತಿದ್ದನ್ನು ನೀವು ಕೇಳಿಸಿಕೊಂಡಿದ್ದರೆ ಡಿಸ್ಚಾರ್ಜ್ ಸಾರಾಂಶದಲ್ಲಿ ಏನು ಬರೆದಿದ್ದಾರೆ ಎಂದು ಓದಿ, ತಪ್ಪಿದ್ದರೆ ಅಲ್ಲೇ ಸರಿ ಮಾಡಿಸಿ.

ಸ್ಕ್ಯಾನಿಂಗ್‌ನಲ್ಲಿ ‘ಸುಮ್ಮನೆ’ ಗಂಡೋ ಹೆಣ್ಣೋ ಕೇಳಿದರೆ ತಪ್ಪೇ?

ತಪ್ಪು, ಅಪರಾಧ. 1994ರ ಗರ್ಭಪೂರ್ವ ಮತ್ತು ಪ್ರಸವಪೂರ್ವ ಲಿಂಗ ಪತ್ತೆ ನಿಷೇಧ ಕಾಯ್ದೆಯಲ್ಲಿ ಹೇಳಿದವರಿಗೂ ಕೇಳಿದವರಿಗೂ ಶಿಕ್ಷೆಯಿದೆ. ಲಿಂಗ ಪತ್ತೆಗಾಗಿ ಹೋದ ಗಂಡನಿಗೆ, ಅತ್ತೆಮಾವಂದಿರಿಗೆ ಮೊದಲ ಸಲಕ್ಕೆ 3 ವರ್ಷದವರೆಗೆ ಜೈಲು, 50,000 ರೂಪಾಯಿವರೆಗೆ ದಂಡ. ಗರ್ಭಿಣಿ ಒತ್ತಾಯಕ್ಕೆ ಮಣಿದಳೆಂದೇ ಕಾನೂನು ಭಾವಿಸುತ್ತದೆ. ಬಾಯಲ್ಲಿ ಹೇಳದೆ ಸನ್ನೆಯಲ್ಲಿ, ಸಂಕೇತದಲ್ಲಿ ತಿಳಿಸಿದರೂ ಅಷ್ಟೇ. 2023ರ ನವೆಂಬರಿನಲ್ಲಿ ಬೆಂಗಳೂರು ಪೊಲೀಸರು ಭೇದಿಸಿದ ಜಾಲ ಮಂಡ್ಯದ ಒಂದು ಆಲೆಮನೆಯಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟುಕೊಂಡಿತ್ತು. ಇಂಥ ದಂಧೆಗೆ ಆಸ್ಪತ್ರೆಯ ಬೋರ್ಡೇ ಬೇಕಿಲ್ಲ ಎಂಬುದು ಆಗ ಬಯಲಾಯಿತು.

ಬಿಲ್ ಬಾಕಿ ಇದೆ ಎಂದು ಆಸ್ಪತ್ರೆ ಜನನದ ಮಾಹಿತಿ ಕಳಿಸದೆ ಹಿಡಿದಿಟ್ಟುಕೊಳ್ಳಬಹುದೇ?

ಇಲ್ಲ. ಆಸ್ಪತ್ರೆಯಲ್ಲಿ ಆದ ಜನನವನ್ನು ನೋಂದಣಾಧಿಕಾರಿಗೆ ತಿಳಿಸುವುದು ಅಲ್ಲಿನ ಮುಖ್ಯ ವೈದ್ಯಾಧಿಕಾರಿಯ ಕೆಲಸ. ಅದಕ್ಕೂ ನಿಮ್ಮ ಬಿಲ್ಲಿಗೂ ಸಂಬಂಧವಿಲ್ಲ. ನಿರ್ಲಕ್ಷಿಸಿದರೆ ಸಂಸ್ಥೆಗೆ 1,000 ರೂಪಾಯಿವರೆಗೆ ದಂಡವಿದೆ. ಆಸ್ಪತ್ರೆಯ ಮಟ್ಟಿಗೆ ಅದು ದೊಡ್ಡ ಮೊತ್ತವೇನಲ್ಲ ಬಿಡಿ. ಆದರೆ ಲಿಖಿತ ದೂರು ಹೋದ ಕೂಡಲೇ ಫಾರಂ ಹೊರಡುತ್ತದೆ.

ತುರ್ತು ಚಿಕಿತ್ಸೆಯ ವಿಷಯದಲ್ಲಿ ಇನ್ನೂ ಸ್ಪಷ್ಟತೆಯಿದೆ. ಜೀವ ಉಳಿಸುವುದೇ ಮೊದಲು, ಮಿಕ್ಕ ವಿಧಿವಿಧಾನ ಆಮೇಲೆ ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ. ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ಪ್ರಕಾರವೂ ತುರ್ತು ಸ್ಥಿತಿಯಲ್ಲಿ ಮುಂಗಡ ಹಣಕ್ಕಾಗಿ ಕಾಯಿಸುವಂತಿಲ್ಲ.

ನಾವಿರುವುದು ಬೆಂಗಳೂರಿನಲ್ಲಿ, ಹೆರಿಗೆ ಆದದ್ದು ತವರೂರಿನಲ್ಲಿ. ಪ್ರಮಾಣಪತ್ರ ಎಲ್ಲಿ?

ತವರೂರಿನಲ್ಲೇ. ಜನನ ಎಲ್ಲಿ ನಡೆಯಿತೋ ಅಲ್ಲೇ ನೋಂದಣಿ, ನೀವು ಎಲ್ಲಿ ವಾಸವಿದ್ದೀರಿ ಎಂಬುದು ಮುಖ್ಯವಲ್ಲ. ಮೊದಲ ಹೆರಿಗೆಗೆ ತವರಿಗೆ ಹೋಗುವ ನಮ್ಮ ರೂಢಿಯಿಂದಾಗಿ, ಅಪ್ಪಂದಿರು ಬೆಂಗಳೂರಿನ ಪಾಲಿಕೆ ಕಚೇರಿಯಲ್ಲಿ ಕ್ಯೂ ನಿಂತು ‘ದಾಖಲೆ ಇಲ್ಲ’ ಅನ್ನಿಸಿಕೊಂಡು ಬರುವುದು ಮಾಮೂಲಿ. ಜನನವಾದ ಊರೇ ಪ್ರಮಾಣಪತ್ರದಲ್ಲಿ ಬರುತ್ತದೆ, ಪಾಸ್‌ಪೋರ್ಟಿನಲ್ಲೂ ಅದೇ ಹೋಗುತ್ತದೆ. ತಾಯಿ ಸಿರ್ಸಿಯಲ್ಲಿ ಹೆತ್ತು, ಅರ್ಜಿಯಲ್ಲಿ ಬೆಂಗಳೂರು ಎಂದು ಬರೆದರೆ ಎರಡೂ ತಾಳೆಯಾಗುವುದಿಲ್ಲ.

ಆಸ್ಪತ್ರೆಯ ಹೆರಿಗೆಯಾದರೆ ಮಾಹಿತಿ ಅವರೇ ಕಳಿಸುತ್ತಾರೆ. ಮನೆಯಲ್ಲಾದರೆ ಮನೆಯ ಯಜಮಾನರೋ ಹತ್ತಿರದ ಬಂಧುವೋ ತಿಳಿಸಬೇಕು. ಹಳ್ಳಿಯಲ್ಲಿ ಮೊದಲು ಗ್ರಾಮ ಪಂಚಾಯಿತಿ ಕಚೇರಿಯಲ್ಲಿ ಅಥವಾ ಗ್ರಾಮ ಆಡಳಿತ ಅಧಿಕಾರಿಯ ಬಳಿ ವಿಚಾರಿಸಿ. ತಾಯಿ ಕಾರ್ಡ್, ಆಶಾ ಕಾರ್ಯಕರ್ತೆಯ ಪುಸ್ತಕದ ದಾಖಲೆ ಜೊತೆಗಿರಲಿ. 108 ಆಂಬುಲೆನ್ಸಿನಲ್ಲಿ ದಾರಿಮಧ್ಯೆ ಹೆರಿಗೆಯಾದರೆ, ವಾಹನದ ಹೊಣೆ ಹೊತ್ತವರು ಮೊದಲು ನಿಂತ ಜಾಗದಲ್ಲಿ ತಿಳಿಸಬೇಕೆಂದು ನಿಯಮವಿದೆ.

ಆಸ್ಪತ್ರೆಯವರು ಸಹಿ ಹಾಕಿ ಎಂದು ಕೊಡುವ ಹಾಳೆಯಲ್ಲಿ ಏನೇನು ನೋಡಬೇಕು?

ಅದೇ ಫಾರಂ 1. ತಾಯಿ ನೋವಿನಲ್ಲಿ ಮಲಗಿರುತ್ತಾಳೆ, ಅಪ್ಪ ಔಷಧಿ ಅಂಗಡಿಯಲ್ಲಿರುತ್ತಾನೆ, ಸಹಿ ಹಾಕುವುದು ಸೋದರಮಾವನೋ ಚಿಕ್ಕಮ್ಮನೋ. ಅವರು ಬಾಯಲ್ಲಿ ಹೇಳಿದ್ದನ್ನು ಗುಮಾಸ್ತರು ಕೇಳಿಸಿಕೊಂಡಂತೆ ಬರೆಯುತ್ತಾರೆ. ಹಾಗಾಗಿ ಹೆರಿಗೆಗೆ ಹೊರಡುವ ಚೀಲದಲ್ಲೇ ಒಂದು ಚೀಟಿ ಇಟ್ಟುಕೊಳ್ಳಿ. ತಾಯಿ, ತಂದೆ ಇಬ್ಬರ ಹೆಸರೂ ಅವರವರ ಆಧಾರ್ ಅಥವಾ ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಕನ್ನಡದಲ್ಲೂ ಇಂಗ್ಲಿಷ್ ಅಕ್ಷರದಲ್ಲೂ ಬರೆದಿರಲಿ, ಜೊತೆಗೆ ಕಾಯಂ ವಿಳಾಸ.

ಕನ್ನಡದ ಹೆಸರು ಇಂಗ್ಲಿಷ್ ಅಕ್ಷರಕ್ಕೆ ಇಳಿಯುವಾಗಲೇ ಅವಾಂತರ. ಕವಿತಾ ಎಂಬ ತಾಯಿಯ ಹೆಸರಿನ ಕೊನೆಗೆ ಒಂದು ಕಡೆ ಬರೀ ‘ಟಿ’, ಇನ್ನೊಂದು ಕಡೆ ‘ಟಿ-ಎಚ್’. ಶ್ರೀನಿವಾಸ ಎಂಬ ತಂದೆಗೆ ಒಂದು ದಾಖಲೆಯಲ್ಲಿ ‘ಎಸ್-ಆರ್’, ಮತ್ತೊಂದರಲ್ಲಿ ‘ಎಸ್-ಎಚ್-ಆರ್’. ನಮ್ಮ ಕಿವಿಗೆ ಎರಡೂ ಒಂದೇ, ಕಂಪ್ಯೂಟರಿಗೆ ಇಬ್ಬರು ಬೇರೆ ಬೇರೆ ಮನುಷ್ಯರು.

ಇನಿಷಿಯಲ್ ಇನ್ನೊಂದು ತಲೆನೋವು. ‘ಹೆಚ್.ಕೆ. ಚಂದನ’ ಎಂದರೆ ಊರು ಹಾಸನ, ಅಪ್ಪ ಕೃಷ್ಣಪ್ಪ ಎಂದು ನಮಗೆ ಅರ್ಥವಾಗುತ್ತದೆ. ಪಾಸ್‌ಪೋರ್ಟ್ ಅರ್ಜಿಯಲ್ಲಿ ಇನಿಷಿಯಲ್ ನಡೆಯುವುದಿಲ್ಲ, ಬಿಡಿಸಿ ಬರೆಯಬೇಕು. ಮಗುವಿನ ಹೆಸರಿನಲ್ಲಿ ಊರು, ಅಪ್ಪನ ಹೆಸರು, ಮನೆತನ ಏನೇನು ಸೇರಬೇಕು ಎಂದು ಮೊದಲೇ ತೀರ್ಮಾನಿಸಿ ಪೂರ್ತಿಯಾಗಿಯೇ ಬರೆಸಿ. ಜಾತಿಸೂಚಕ ಅಡ್ಡಹೆಸರು ಇರಲೇಬೇಕೆಂಬ ಕಾನೂನು ಎಲ್ಲೂ ಇಲ್ಲ. ತಾಯಿಯ ಹೆಸರನ್ನೇ ಕೊನೆಗೆ ಸೇರಿಸಿದರೂ ಯಾರೂ ಆಕ್ಷೇಪಿಸುವಂತಿಲ್ಲ.

ತಾರೀಕು ನೋಡಿ. ಮಗು ರಾತ್ರಿ 12 ಗಂಟೆ 20 ನಿಮಿಷಕ್ಕೆ ಹುಟ್ಟಿದರೆ ಫಾರಂನಲ್ಲಿ ಬರಬೇಕಾದ್ದು ಹೊಸ ದಿನ. ಅಜ್ಜಿಯ ಪಂಚಾಂಗದ ಲೆಕ್ಕದಲ್ಲಿ ಸೂರ್ಯ ಹುಟ್ಟುವವರೆಗೂ ಹಿಂದಿನ ದಿನವೇ. ಜಾತಕದಲ್ಲಿ ಅದೇ ಇರಲಿ, ಫಾರಂನಲ್ಲಿ ಬೇಡ.

ಕೊನೆಯದಾಗಿ ಮಗುವಿನ ಹೆಸರಿನ ಕಾಲಂ. ನಾಮಕರಣ ಆಗಿಲ್ಲವಾದರೆ ಅದನ್ನು ಖಾಲಿ ಬಿಡಿಸಿ. ‘ಬೇಬಿ ಆಫ್ ಕವಿತಾ’ ಎಂದಾಗಲಿ, ಆ ಕ್ಷಣಕ್ಕೆ ತೋಚಿದ ಮುದ್ದಿನ ಹೆಸರಾಗಲಿ ಅಲ್ಲಿ ಸೇರಲೇಬಾರದು. ಖಾಲಿ ಜಾಗಕ್ಕೆ ಹೆಸರು ಸೇರಿಸುವುದು ಸುಲಭ, ಬರೆದ ಹೆಸರನ್ನು ಬದಲಿಸುವುದು ಸಾಹಸ.

ಹೆಸರಿಲ್ಲದ ಪ್ರಮಾಣಪತ್ರ ಬಂದಿದೆ. ಹೆಸರು ಸೇರಿಸಲು ಎಷ್ಟು ಕಾಲಾವಕಾಶ?

ನೋಂದಣಿಯಾದ ದಿನದಿಂದ 12 ತಿಂಗಳವರೆಗೆ ತಡಶುಲ್ಕ ಇಲ್ಲದೆ ಸೇರಿಸಬಹುದು, ಆಮೇಲೆ 15 ವರ್ಷದವರೆಗೆ ತಡಶುಲ್ಕ ಕಟ್ಟಿ. ತಂದೆ, ತಾಯಿ ಅಥವಾ ಪೋಷಕರು ಬಾಯಲ್ಲಿ ಹೇಳಿದರೂ ಸಾಕೆಂದು ಕಾಯ್ದೆಯ 14ನೇ ಕಲಂ ಹೇಳುತ್ತದೆ. ಕಚೇರಿಯಲ್ಲಿ ಹೇಗೂ ಅರ್ಜಿ, ತಂದೆತಾಯಿಯ ಗುರುತಿನ ಚೀಟಿ ಕೇಳುತ್ತಾರೆ, ಮಗು ಶಾಲೆಗೆ ಹೋಗುತ್ತಿದ್ದರೆ ಶಾಲೆಯ ದಾಖಲೆಯನ್ನೂ. 15 ವರ್ಷ ತುಂಬುವವರೆಗೆ ಕಾಯುವವರು ಇದ್ದಾರೆ. ಎಸ್ಸೆಸ್ಸೆಲ್ಸಿ ಅರ್ಜಿ ತುಂಬುವಾಗ ಎಚ್ಚರವಾಗುವ ಹೊತ್ತಿಗೆ ಬಾಗಿಲು ಮುಚ್ಚಿರುತ್ತದೆ.

21 ದಿನ ದಾಟಿತು. ಈಗ?

21 ದಿನದೊಳಗೆ ತಿಳಿಸಿದರೆ ಶುಲ್ಕವಿಲ್ಲ, ಮೊದಲ ಪ್ರತಿಯೂ ಉಚಿತ. ನೋಂದಣಿಯಾಗಿ 7 ದಿನದೊಳಗೆ ಪ್ರಮಾಣಪತ್ರ ಕೊಡಬೇಕು. 21ರಿಂದ 30 ದಿನದ ನಡುವೆ ತಡಶುಲ್ಕ ಕಟ್ಟಿದರೆ ನೋಂದಣಾಧಿಕಾರಿಯೇ ಮುಗಿಸುತ್ತಾರೆ. 30 ದಿನದಿಂದ ಒಂದು ವರ್ಷದವರೆಗೆ ಜಿಲ್ಲಾ ನೋಂದಣಾಧಿಕಾರಿ ಅಥವಾ ಅಧಿಕಾರ ಪಡೆದ ಇನ್ನೊಬ್ಬ ಅಧಿಕಾರಿಯ ಲಿಖಿತ ಅನುಮತಿ ಬೇಕು. ಈ ಹಂತದಲ್ಲಿ ಮೊದಲು ನೋಟರಿ ಅಫಿಡವಿಟ್ ಬೇಕಿತ್ತು. 2023ರ ತಿದ್ದುಪಡಿಯ ನಂತರ ಸ್ವಯಂ ದೃಢೀಕರಿಸಿದ ದಾಖಲೆ ಸಾಕು, ಆದರೂ ಕೆಲವು ಕಡೆ ಹಳೆಯ ಅಭ್ಯಾಸಕ್ಕೆ ಸ್ಟಾಂಪ್ ಪೇಪರ್ ಕೇಳುತ್ತಾರೆ.

ಒಂದು ವರ್ಷ ದಾಟಿದರೆ ನ್ಯಾಯಾಲಯಕ್ಕೆ ಹೋಗಬೇಕಿತ್ತು. ಈಗಿನ ಕಾಯ್ದೆಯಲ್ಲಿ ಜಿಲ್ಲಾಧಿಕಾರಿ, ಉಪವಿಭಾಗಾಧಿಕಾರಿ ಅಥವಾ ಜಿಲ್ಲಾಧಿಕಾರಿ ಅಧಿಕಾರ ಕೊಟ್ಟ ಕಾರ್ಯನಿರ್ವಾಹಕ ದಂಡಾಧಿಕಾರಿ ಪರಿಶೀಲಿಸಿ ಆದೇಶ ಮಾಡುತ್ತಾರೆ. ಇದಕ್ಕೆ ಮೊದಲು ಜನನವಾದ ಊರಿನ ನೋಂದಣಾಧಿಕಾರಿಯಿಂದ ಫಾರಂ 10ರಲ್ಲಿ ‘ದಾಖಲೆ ಲಭ್ಯವಿಲ್ಲ’ ಎಂಬ ಪತ್ರ ತೆಗೆದುಕೊಳ್ಳಿ. ಅದಿಲ್ಲದೆ ಕಡತ ಅಲುಗುವುದಿಲ್ಲ. ಜೊತೆಗೆ ಡಿಸ್ಚಾರ್ಜ್ ಪತ್ರ, ತಾಯಿ ಕಾರ್ಡ್, ಲಸಿಕೆ ಚೀಟಿ, ಅಂಗನವಾಡಿ ದಾಖಲೆ, ಯಾವುದು ಸಿಕ್ಕಿದರೂ ಸರಿ, ಹಳೆಯದಾದಷ್ಟೂ ತೂಕ ಹೆಚ್ಚು. ನಿನ್ನೆ ಮಾಡಿಸಿದ ಅಫಿಡವಿಟ್ಟಿಗಿಂತ ಹತ್ತು ವರ್ಷದ ಹಿಂದಿನ ಪೋಲಿಯೊ ಚೀಟಿ ಮೇಲು.

ಜನನ ಪ್ರಮಾಣಪತ್ರ ಇಲ್ಲ ಎಂದು ಶಾಲೆಗೆ ಸೇರಿಸಿಕೊಳ್ಳುತ್ತಿಲ್ಲ.

2009ರ ಶಿಕ್ಷಣ ಹಕ್ಕು ಕಾಯ್ದೆಯ 14ನೇ ಕಲಮಿನ ಪ್ರಕಾರ ವಯಸ್ಸಿನ ಪುರಾವೆ ಇಲ್ಲವೆಂಬ ಕಾರಣಕ್ಕೆ ಪ್ರವೇಶ ನಿರಾಕರಿಸುವಂತಿಲ್ಲ. ಕ್ಷೇತ್ರ ಶಿಕ್ಷಣಾಧಿಕಾರಿಗೆ ಬರೆದು ಕೊಡಿ. ಮಗು ಶಾಲೆಗೆ ಹೋಗುತ್ತಿರಲಿ, ತಡ ನೋಂದಣಿಯ ಕೆಲಸ ಅದರ ಪಾಡಿಗೆ ನಡೆಯಲಿ.

ಅಕ್ಷರ ತಪ್ಪಾಗಿದೆ. ತಿದ್ದುವುದು ಹೇಗೆ?

ಮೂಲ ದಾಖಲೆಯನ್ನು ಯಾರೂ ಅಳಿಸುವಂತಿಲ್ಲ. ಜನನ ಮರಣ ನೋಂದಣಿ ಕಾಯ್ದೆಯ 15ನೇ ಕಲಂ ಪ್ರಕಾರ ನೋಂದಣಾಧಿಕಾರಿ ಅಂಚಿನಲ್ಲಿ ಷರಾ ಬರೆದು, ತಾರೀಕು ಹಾಕಿ ಸಹಿ ಮಾಡುತ್ತಾರೆ, ಹೊಸ ಪ್ರಮಾಣಪತ್ರ ಅದರಂತೆ ಬರುತ್ತದೆ. ಬರವಣಿಗೆಯ ದೋಷವಾದರೆ ಅವರೇ ವಿಚಾರಿಸಿ ತಿದ್ದಬಹುದು. ತಾರೀಕು, ಲಿಂಗ, ತಂದೆತಾಯಿಯ ಹೆಸರಿನಂಥ ಮುಖ್ಯ ವಿಷಯವೇ ತಪ್ಪಿದ್ದರೆ ನಿಮ್ಮ ಹೇಳಿಕೆಯ ಜೊತೆಗೆ ವಿಷಯ ಗೊತ್ತಿರುವ ಇಬ್ಬರು ನಂಬಲರ್ಹ ವ್ಯಕ್ತಿಗಳ ಹೇಳಿಕೆಯೂ ಬೇಕು. ಅರ್ಜಿ ಹಾಕುವ ಮುನ್ನ ಆಸ್ಪತ್ರೆಗೆ ಹೋಗಿ ಹೆರಿಗೆ ರಿಜಿಸ್ಟರಿನಲ್ಲಿ ಏನಿದೆ ನೋಡಿ. ಅಲ್ಲಿ ಸರಿಯಿದ್ದು ನೋಂದಣಿಯಲ್ಲಿ ಮಾತ್ರ ತಪ್ಪಿದ್ದರೆ ಆಸ್ಪತ್ರೆಯ ಪತ್ರವೊಂದೇ ಕೆಲಸ ಮುಗಿಸುತ್ತದೆ. ಅಲ್ಲೇ ತಪ್ಪಿದ್ದರೆ ಮೊದಲು ಅಲ್ಲಿಂದ ಶುರುಮಾಡಬೇಕು.

ತಪ್ಪಲ್ಲ, ಹೆಸರೇ ಬದಲಿಸಬೇಕು. ಜ್ಯೋತಿಷಿಗಳು ಬೇರೆ ಅಕ್ಷರ ಹೇಳಿದ್ದಾರೆ.

ಬರೆದಾಗ ಸರಿಯಾಗಿಯೇ ಇದ್ದ ಹೆಸರನ್ನು ಆಮೇಲೆ ಬದಲಿಸಲು ಕಾಯ್ದೆಯಲ್ಲಿ ನೇರ ಅವಕಾಶವಿಲ್ಲ. ಈ ಕೊರತೆಯನ್ನು ಕರ್ನಾಟಕ ಹೈಕೋರ್ಟ್ 2025ರ ಫೆಬ್ರುವರಿಯಲ್ಲಿ ಎತ್ತಿ ತೋರಿಸಿತು. ಕಾನೂನು ತಿದ್ದುಪಡಿಯಾಗುವವರೆಗೆ ತಂದೆತಾಯಿ ಪ್ರಮಾಣ ಮಾಡಿ ಕೇಳಿಕೊಂಡರೆ, ಅವರ ಗುರುತು ಪರಿಶೀಲಿಸಿ, ಹಳೆಯ ಹೆಸರಿನ ಜೊತೆಗೆ ಹೊಸ ಹೆಸರನ್ನೂ ದಾಖಲಿಸಬೇಕೆಂದು ಸೂಚಿಸಿತು. ಅಂದರೆ ಹಳೆಯ ಹೆಸರು ಮಾಯವಾಗುವುದಿಲ್ಲ, ಎರಡೂ ಕಾಣುತ್ತವೆ. ಒಳ್ಳೆಯದೇ. ಹಳೆಯ ಹೆಸರಿನಲ್ಲಿ ಲಸಿಕೆ ಹಾಕಿಸಿಕೊಂಡವರು, ಬ್ಯಾಂಕ್ ಖಾತೆ ತೆರೆದವರು ತಾವೇ ಎಂದು ಸಾಬೀತು ಮಾಡಲು ಮುಂದೆ ಅದೇ ಆಧಾರ.

ಒಂದನೇ ತರಗತಿಗೆ ಕೆಲವೇ ದಿನ ಕಡಿಮೆ ಬೀಳುತ್ತದೆ, ಜನ್ಮದಿನ ಹಿಂದಕ್ಕೆ ಹಾಕಿಸಬಹುದೇ?

ಬೇಡ. ಶಾಲೆಗೆ ಸೇರುವ ವಯಸ್ಸು ಎಣಿಸುವ ಜೂನ್ 1ರ ಲೆಕ್ಕಕ್ಕಾಗಿ ಜನ್ಮದಿನ ಸರಿಸಿದರೆ ಅದು ಸುಳ್ಳು ದಾಖಲೆ. ಹಿಂದೆ ಮೇಷ್ಟ್ರು ಅಂದಾಜಿಗೆ ಜೂನ್ 1 ಎಂದು ಬರೆದುಕೊಂಡು ಇಡೀ ಊರಿನ ಮಕ್ಕಳು ಒಂದೇ ದಿನ ಹುಟ್ಟಿದ್ದುಂಟು. ಈಗ ಆಸ್ಪತ್ರೆಯ ರಿಜಿಸ್ಟರ್, ಲಸಿಕೆಯ ದಾಖಲೆ, ಜನನ ನೋಂದಣಿಯ ಇ-ಜನ್ಮ ತಂತ್ರಾಂಶ ಎಲ್ಲದರಲ್ಲೂ ನಿಜವಾದ ದಿನ ಉಳಿದಿರುತ್ತದೆ, ಕೆಲಸಕ್ಕೆ ಸೇರುವಾಗ ಹೊರಬರುತ್ತದೆ.

ತಂದೆಯ ಹೆಸರು ಹಾಕದೆ ಪ್ರಮಾಣಪತ್ರ ಸಿಗುತ್ತದೆಯೇ?

ಸಿಗುತ್ತದೆ. ಅವಿವಾಹಿತ ತಾಯಿ ಅಥವಾ ಒಂಟಿ ತಾಯಿ ತನ್ನ ಹೊಟ್ಟೆಯಲ್ಲಿ ಹುಟ್ಟಿದ ಮಗುವಿಗೆ ಪ್ರಮಾಣಪತ್ರ ಕೇಳಿದರೆ ಅವಳ ಅಫಿಡವಿಟ್ ಒಂದೇ ಸಾಕು ಎಂದು ಸುಪ್ರೀಂ ಕೋರ್ಟ್ 2015ರ ಜುಲೈ 6ರಂದು ತೀರ್ಪು ಕೊಟ್ಟಿತು. ತಂದೆಯ ಹೆಸರು ಹೇಳು ಎಂದು ಒತ್ತಾಯಿಸುವಂತಿಲ್ಲ. 2023ರ ತಿದ್ದುಪಡಿಯಲ್ಲಿ ಒಂಟಿ ಪೋಷಕರು ಮಾಹಿತಿದಾರರಾಗುವುದಕ್ಕೆ ಪ್ರತ್ಯೇಕ ಅವಕಾಶವೇ ಇದೆ. 1982ರ ಕಾಯ್ದೆ ನಿಷೇಧಿಸಿದ ಮೇಲೂ ಮುಂದುವರಿದ ದೇವದಾಸಿ ಪದ್ಧತಿಯಲ್ಲಿ ಹುಟ್ಟಿದ ಉತ್ತರ ಕರ್ನಾಟಕದ ಎಷ್ಟೋ ಮಕ್ಕಳು ‘ಅಪ್ಪನ ಹೆಸರು?’ ಎಂಬ ಒಂದು ಕಾಲಂ ಎದುರು ನಿಂತವರೇ. ಕೌಂಟರಿನಲ್ಲಿ ‘ಹಾಗೆ ಬರುವುದಿಲ್ಲಮ್ಮ, ಸಾಫ್ಟ್‌ವೇರ್ ತಗೊಳ್ಳಲ್ಲ’ ಎಂದರೆ ಅದನ್ನೇ ಬರೆದುಕೊಡಲು ಕೇಳಿ. ಬರೆದುಕೊಡಬೇಕಾಗಿ ಬಂದಾಗ ಬಹಳ ಸಲ ಸಾಫ್ಟ್‌ವೇರೂ ತೆಗೆದುಕೊಳ್ಳುತ್ತದೆ.

ಕಾಲಂ ತುಂಬಿಸಲೆಂದು ಅಜ್ಜನ ಹೆಸರನ್ನೋ ಮಾವನ ಹೆಸರನ್ನೋ ಅಲ್ಲಿ ಹಾಕಬೇಡಿ. ಮರ್ಯಾದೆ ಉಳಿಸುವ ಉಪಾಯದಂತೆ ಕಂಡರೂ ಮುಂದೆ ಆಸ್ತಿ, ಪಾಸ್‌ಪೋರ್ಟ್, ಮದುವೆ ಎಲ್ಲ ಕಡೆ ಅದು ಸುಳ್ಳು ಹೇಳಿಕೆಯಾಗಿ ಕುತ್ತಿಗೆಗೆ ಬರುತ್ತದೆ.

ಮರುಮದುವೆಯಾಗಿದ್ದೇನೆ. ಈಗಿನ ಪತಿಯ ಹೆಸರನ್ನು ತಂದೆಯೆಂದು ಹಾಕಿಸಬಹುದೇ?

ಬರೀ ಅರ್ಜಿಯಿಂದ ಆಗುವುದಿಲ್ಲ. ಹುಟ್ಟಿದ ದಿನ ತಂದೆ ಯಾರಾಗಿದ್ದರೋ ಅದೇ ದಾಖಲೆ. ಈಗಿನ ಪತಿ ಕಾನೂನುಬದ್ಧವಾಗಿ ದತ್ತು ತೆಗೆದುಕೊಂಡ ಮೇಲೆ ಬದಲಾವಣೆಗೆ ದಾರಿಯಾಗುತ್ತದೆ. ಮೊದಲ ಪತಿ ಬದುಕಿದ್ದರೆ ಅವರ ಒಪ್ಪಿಗೆಯೂ ಬೇಕಾಗುತ್ತದೆ. ಅಡ್ಡಹೆಸರಿನ ಮಾತು ಬೇರೆ. ತಂದೆ ತೀರಿಕೊಂಡ ಮೇಲೆ ತಾಯಿಯೇ ಸಹಜ ಪೋಷಕಿ, ಮಗುವಿನ ಅಡ್ಡಹೆಸರು ನಿರ್ಧರಿಸುವ ಹಕ್ಕು ಅವಳದು ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಮಲತಂದೆ ಎಂದು ದಾಖಲೆಯಲ್ಲಿ ಬರೆಸುವುದು ಕ್ರೂರ ಎಂದೂ ಅದೇ ತೀರ್ಪಿನಲ್ಲಿದೆ.

‘ಮಗು ನನ್ನದಲ್ಲ, ಡಿಎನ್‌ಎ ಪರೀಕ್ಷೆ ಆಗಲಿ’ ಎನ್ನುತ್ತಾರೆ ಗಂಡ.

ಕೇಳಿದ ಮಾತ್ರಕ್ಕೆ ಆಗುವುದಿಲ್ಲ. ಮದುವೆ ಜಾರಿಯಲ್ಲಿದ್ದಾಗ, ಇಲ್ಲವೇ ಅದು ಮುರಿದ 280 ದಿನದೊಳಗೆ ತಾಯಿ ಮರುಮದುವೆಯಾಗದೆ ಇದ್ದಾಗ ಹುಟ್ಟಿದ ಮಗು ಆ ಗಂಡನದೇ ಎಂದು ಸಾಕ್ಷ್ಯ ಕಾನೂನು ಭಾವಿಸುತ್ತದೆ. ಗರ್ಭ ಕಟ್ಟಬಹುದಾದ ಕಾಲದಲ್ಲಿ ಇಬ್ಬರಿಗೂ ಸಂಪರ್ಕಕ್ಕೆ ಅವಕಾಶವೇ ಇರಲಿಲ್ಲ ಎಂದು ತೋರಿಸಿದರೆ ಮಾತ್ರ ಅದು ಬೀಳುತ್ತದೆ. ಗಂಡಹೆಂಡಿರ ಜಗಳದಲ್ಲಿ ಮಗುವನ್ನು ಸಾಕ್ಷ್ಯದ ವಸ್ತುವಾಗಿ ಬಳಸುವಂತಿಲ್ಲ, ತನ್ನ ಹುಟ್ಟನ್ನು ಸುಮ್ಮನೆ ಪ್ರಶ್ನಿಸದಂತೆ ಕೇಳುವ ಹಕ್ಕು ಮಗುವಿಗಿದೆ ಎಂದು ಸುಪ್ರೀಂ ಕೋರ್ಟ್ 2023ರ ಫೆಬ್ರುವರಿಯಲ್ಲಿ ಹೇಳಿತು. ಅದೇ ವರ್ಷದ ಸೆಪ್ಟೆಂಬರ್ 1ರಂದು, ಕರ್ನಾಟಕದಿಂದಲೇ ಹೋದ ಪ್ರಕರಣದಲ್ಲಿ, ಊರ್ಜಿತವಲ್ಲದ ಹಿಂದೂ ಮದುವೆಯಲ್ಲಿ ಹುಟ್ಟಿದ ಮಕ್ಕಳಿಗೆ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ತಂದೆತಾಯಿಗೆ ಬರುವ ಪಾಲಿನೊಳಗೆ ಹಕ್ಕಿದೆ ಎಂದೂ ತೀರ್ಪಾಯಿತು.

ಬಸ್ ನಿಲ್ದಾಣದಲ್ಲಿ, ಪೊದೆಯಲ್ಲಿ ಹಸುಗೂಸು ಸಿಕ್ಕಿತು. ಏನು ಮಾಡಬೇಕು?

ಮೈ ಬೆಚ್ಚಗಿರುವಂತೆ ಒಣ ಬಟ್ಟೆಯಲ್ಲಿ ಸುತ್ತಿ, ಮಕ್ಕಳ ಸಹಾಯವಾಣಿ 1098ಕ್ಕೆ ಅಥವಾ ತುರ್ತು ಸಂಖ್ಯೆ 112ಕ್ಕೆ ಕರೆ ಮಾಡಿ. ಹಾಲು, ಜೇನು, ಸಕ್ಕರೆ ನೀರು ಏನನ್ನೂ ಬಾಯಿಗೆ ಹಾಕಬೇಡಿ. ಹತ್ತಿರದ ಸರ್ಕಾರಿ ಆಸ್ಪತ್ರೆಗೆ ನೀವೇ ಒಯ್ದರೂ ಸರಿ. ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಪೊಲೀಸರಿಗೋ ಮಕ್ಕಳ ಕಲ್ಯಾಣ ಸಮಿತಿಗೋ ತಿಳಿಸಲೇಬೇಕು. ತಿಳಿಸದಿದ್ದರೆ 6 ತಿಂಗಳವರೆಗೆ ಜೈಲು, 10,000 ರೂಪಾಯಿ ದಂಡ, ಅಥವಾ ಎರಡೂ. ‘ದೇವರು ಕೊಟ್ಟ ಮಗು, ನಾವೇ ಸಾಕುತ್ತೇವೆ’ ಎಂದು ಮನೆಗೆ ಒಯ್ಯುವವರ ಮನಸ್ಸು ಒಳ್ಳೆಯದೇ ಇರಬಹುದು, ಆದರೆ ಮಗುವನ್ನು ಎಲ್ಲೋ ಒಬ್ಬ ತಾಯಿ ಹುಡುಕುತ್ತಿರಲೂಬಹುದು.

ಇಂಥ ಮಗುವಿಗೂ ಜನನ ನೋಂದಣಿ ಉಂಟು. ಮಾಹಿತಿ ಕೊಡಬೇಕಾದವರು ಆ ಊರಿನ ಗ್ರಾಮಾಧಿಕಾರಿ ಅಥವಾ ಠಾಣಾಧಿಕಾರಿ. ಸಿಕ್ಕ ದಿನ, ಜಾಗ, ಮೈಮೇಲಿದ್ದ ಬಟ್ಟೆ, ತಾಯಿತ, ಚೀಟಿ ಎಲ್ಲವನ್ನೂ ಬರೆಸಿ. ಆ ಮಗು ದೊಡ್ಡದಾಗಿ ತನ್ನ ಮೂಲ ಹುಡುಕಿದರೆ ಅದರ ಕೈಗೆ ಸಿಗುವುದು ಅಷ್ಟೇ.

ಸಾಕುವ ಸ್ಥಿತಿಯಲ್ಲಿಲ್ಲದ ತಾಯಿಗೆ ಬೇರೆ ದಾರಿಯಿಲ್ಲವೇ?

ಇದೆ. ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಮಗುವನ್ನು ಒಪ್ಪಿಸಬಹುದು, ಗುರುತು ಗುಟ್ಟಾಗಿರುತ್ತದೆ. ಮನಸ್ಸು ಬದಲಾದರೆ ವಾಪಸ್ ಪಡೆಯಲು 2 ತಿಂಗಳ ಅವಕಾಶ. ಎಲ್ಲೋ ಬಿಟ್ಟುಹೋದರೆ ಭಾರತೀಯ ನ್ಯಾಯ ಸಂಹಿತೆಯ 93ನೇ ಕಲಮಿನಲ್ಲಿ 7 ವರ್ಷದವರೆಗೆ ಶಿಕ್ಷೆಯಾಗುವ ಅಪರಾಧ. ಇಷ್ಟು ವ್ಯತ್ಯಾಸ ಇದೆಯೆಂದು ಬಸಿರಿನಲ್ಲೇ ಯಾರಾದರೂ ಹೇಳಿದ್ದರೆ ಎಷ್ಟೋ ಕೂಸುಗಳು ಕಸದ ತೊಟ್ಟಿಯವರೆಗೆ ಹೋಗುತ್ತಿರಲಿಲ್ಲ.

ಪರಿಚಯದ ನರ್ಸ್ ಮಗು ಕೊಡಿಸುತ್ತಾರಂತೆ, ಪ್ರಮಾಣಪತ್ರವನ್ನೂ ನಮ್ಮ ಹೆಸರಿಗೇ ಮಾಡಿಸುತ್ತಾರಂತೆ.

ಅದು ದತ್ತು ಅಲ್ಲ, ಮಗುವಿನ ಮಾರಾಟ. ಬಾಲನ್ಯಾಯ ಕಾಯ್ದೆಯ 81ನೇ ಕಲಮಿನಲ್ಲಿ ಕೊಂಡವರಿಗೂ ಮಾರಿದವರಿಗೂ 5 ವರ್ಷದವರೆಗೆ ಕಠಿಣ ಶಿಕ್ಷೆ, 1 ಲಕ್ಷ ರೂಪಾಯಿ ದಂಡ. ಹೆತ್ತವಳ ಬದಲು ನಿಮ್ಮ ಹೆಸರು ಬರೆದ ಪ್ರಮಾಣಪತ್ರ ಮಗುವಿನ ಇಡೀ ಮೂಲವನ್ನೇ ಅಳಿಸುತ್ತದೆ. ವಂಶದ ಕಾಯಿಲೆಯ ಚರಿತ್ರೆಯೂ ಹೋಯಿತು, ಹೆತ್ತವರನ್ನು ಹುಡುಕುವ ದಾರಿಯೂ ಹೋಯಿತು. ಬಯಲಾದ ದಿನ ಮಗು ನಿಮ್ಮ ಮನೆಯಿಂದಲೂ ಹೋಗುತ್ತದೆ.

ಸರಿಯಾದ ದಾರಿಯಲ್ಲಿ ಆಗುವುದೇನೆಂದರೆ, 2022ರ ಸೆಪ್ಟೆಂಬರಿನಿಂದ ದತ್ತು ಆದೇಶವನ್ನು ಜಿಲ್ಲಾ ದಂಡಾಧಿಕಾರಿಯೇ ಹೊರಡಿಸುತ್ತಾರೆ. ಅದನ್ನು ತೋರಿಸಿದರೆ ದತ್ತು ಪೋಷಕರನ್ನೇ ತಂದೆತಾಯಿ ಎಂದು ನಮೂದಿಸಿದ ಪ್ರಮಾಣಪತ್ರ ಸಿಗುತ್ತದೆ. ಹಳೆಯ ಕಡತ ಮಾತ್ರ ಭದ್ರವಾಗಿ ಉಳಿಯುತ್ತದೆ. ಮುಂದೆ ಮಗು ತನ್ನ ಮೂಲ ತಿಳಿಯಬಯಸಿದರೆ 18 ತುಂಬಿದ ಮೇಲೆ ತಾನೇ, ಅದಕ್ಕೂ ಮೊದಲು ದತ್ತು ಪೋಷಕರ ಜೊತೆಗೂಡಿ ಅರ್ಜಿ ಹಾಕಬಹುದು. ಹೆತ್ತವರ ಗುಟ್ಟನ್ನೂ ಕಾಯಬೇಕಾದ್ದರಿಂದ ಕೇಳಿದ್ದೆಲ್ಲ ಸಿಗುತ್ತದೆಂದು ಹೇಳಲಾಗದು.

ಆಧಾರ್ ಇದೆಯಲ್ಲ, ಜನನ ಪ್ರಮಾಣಪತ್ರ ಯಾಕೆ?

ಆಧಾರ್ ನೀವು ಯಾರೆಂದು ಹೇಳುತ್ತದೆ, ಯಾವಾಗ ಹುಟ್ಟಿದಿರಿ ಎಂಬುದಕ್ಕೆ ಪುರಾವೆಯಲ್ಲ. 5 ವರ್ಷದೊಳಗಿನ ಮಕ್ಕಳ ನೀಲಿ ಆಧಾರಿನಲ್ಲಿ ಬೆರಳಚ್ಚೂ ಇರುವುದಿಲ್ಲ, ಫೋಟೊ ಮಾತ್ರ. 5ಕ್ಕೊಮ್ಮೆ, 15ಕ್ಕೊಮ್ಮೆ ಬಯೋಮೆಟ್ರಿಕ್ ಹೊಸದಾಗಿ ಕೊಡಬೇಕು. ಆಧಾರ್ ಇಲ್ಲವೆಂದು ಶಾಲೆಯ ಪ್ರವೇಶ ತಪ್ಪಿಸುವಂತಿಲ್ಲ ಎಂದು 2018ರ ಆಧಾರ್ ತೀರ್ಪಿನಲ್ಲಿದೆ. ಆ ಮೊಕದ್ದಮೆ ಹೂಡಿದ್ದ ಕೆ.ಎಸ್. ಪುಟ್ಟಸ್ವಾಮಿ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಗಳಾಗಿದ್ದರು.

ತೊಂದರೆಗೆ ಸಿಕ್ಕ ಮಗುವಿನ ಫೋಟೊವನ್ನು ವಾಟ್ಸ್ಆ್ಯಪ್‌ನಲ್ಲಿ ಹಂಚಬಹುದೇ?

ದೌರ್ಜನ್ಯಕ್ಕೆ ಒಳಗಾದ, ರಕ್ಷಣೆ ಬೇಕಾದ, ಅಥವಾ ಕಾನೂನಿನೊಡನೆ ಸಂಘರ್ಷಕ್ಕೆ ಬಿದ್ದ ಮಗುವಿನ ಹೆಸರು, ವಿಳಾಸ, ಶಾಲೆ, ಗುರುತು ಹಿಡಿಯುವಂಥ ಯಾವ ವಿವರವನ್ನೂ ಹೊರಹಾಕುವಂತಿಲ್ಲ. ಬಾಲನ್ಯಾಯ ಕಾಯ್ದೆಯ 74ನೇ ಕಲಮಿನಲ್ಲಿ 6 ತಿಂಗಳವರೆಗೆ ಜೈಲು, 2 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಇದೆ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಪ್ರಕರಣವಾದರೆ ಪೋಕ್ಸೊ ಕಾಯ್ದೆಯ 23ನೇ ಕಲಂ ಬೇರೆ. ಮುಖ ಮಸುಕು ಮಾಡಿ, ಪಕ್ಕದಲ್ಲೇ ಅಪ್ಪನ ಹೆಸರು, ಬೀದಿಯ ಹೆಸರು ಬರೆದರೆ ಮಸುಕು ಮಾಡಿ ಏನುಪಯೋಗ? ಕಾಣೆಯಾದ ಮಗುವಿನ ಫೋಟೊ ಪೊಲೀಸರ ಮೂಲಕ ಹರಡಲಿ. ಮಗು ಸಿಕ್ಕಿದ ಕೂಡಲೇ ನಿಮ್ಮ ಗುಂಪುಗಳಿಂದ ಅಳಿಸಿ.

ಮಗು ಹುಟ್ಟಿದ್ದು ದುಬೈಯಲ್ಲಿ. ಭಾರತದ ನೋಂದಣಿ ಹೇಗೆ?

ಅಲ್ಲಿನ ಭಾರತೀಯ ದೂತಾವಾಸದಲ್ಲಿ ಒಂದು ವರ್ಷದೊಳಗೆ ನೋಂದಾಯಿಸಿ, ಮಗುವಿಗೆ ಬೇರೆ ದೇಶದ ಪಾಸ್‌ಪೋರ್ಟ್ ಇಲ್ಲವೆಂದು ಘೋಷಿಸಬೇಕು. ವರ್ಷ ದಾಟಿದರೆ ಕೇಂದ್ರ ಸರ್ಕಾರದ ಅನುಮತಿ ಬೇಕು. ಅಲ್ಲಿ ನೋಂದಾಯಿಸದೆ ಊರಿಗೆ ಬಂದು ನೆಲೆಸುವವರು ಬಂದ 60 ದಿನದೊಳಗೆ ಇಲ್ಲಿನ ನೋಂದಣಾಧಿಕಾರಿಯ ಬಳಿ ಜನನ ನೋಂದಣಿ ಮಾಡಿಸಬಹುದು, ಆದರೆ ಪೌರತ್ವಕ್ಕೆ ಬೇಕಾದ ದೂತಾವಾಸದ ನೋಂದಣಿಗೆ ಅದು ಬದಲಿಯಲ್ಲ. ಅಮೆರಿಕದಂತೆ ಹುಟ್ಟಿನಿಂದಲೇ ಪೌರತ್ವ ಕೊಡುವ ದೇಶದಲ್ಲಿ ಹುಟ್ಟಿ, ದೂತಾವಾಸದಲ್ಲಿ ಭಾರತದ ಪೌರತ್ವವನ್ನೂ ಪಡೆದ ಮಗು 18 ತುಂಬಿ 6 ತಿಂಗಳೊಳಗೆ ಆ ದೇಶದ ಪೌರತ್ವ ಬಿಡದಿದ್ದರೆ ಭಾರತದ್ದು ತಪ್ಪುತ್ತದೆ.

ನೋಂದಣಾಧಿಕಾರಿ ಆಗುವುದಿಲ್ಲ ಎಂದುಬಿಟ್ಟರು. ಮುಂದೆ?

ಬಾಯಿಮಾತಿನ ನಿರಾಕರಣೆ ಹಿಡಿದು ಮೇಲಕ್ಕೆ ಹೋಗಲಾಗದು. ಅರ್ಜಿಯನ್ನು ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆಯಿರಿ, ನಿರಾಕರಣೆಯನ್ನೂ ಹಿಂಬರಹದಲ್ಲಿ ಕೇಳಿ. ಅದು ಕೈಗೆ ಬಂದ 30 ದಿನದೊಳಗೆ ಜಿಲ್ಲಾ ನೋಂದಣಾಧಿಕಾರಿಗೆ ಮೇಲ್ಮನವಿ. ಅವರ ಆದೇಶವೂ ಒಪ್ಪಿಗೆಯಾಗದಿದ್ದರೆ ಮತ್ತೆ 30 ದಿನದೊಳಗೆ ರಾಜ್ಯದ ಮುಖ್ಯ ನೋಂದಣಾಧಿಕಾರಿಗೆ. ಮೇಲ್ಮನವಿಯನ್ನು 90 ದಿನದಲ್ಲಿ ತೀರ್ಮಾನಿಸಬೇಕು. ವಕೀಲರ ಖರ್ಚು ಭರಿಸಲಾಗದಿದ್ದರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ, ಇಲ್ಲವೇ 15100ಕ್ಕೆ ಕರೆ ಮಾಡಿ. ಹೆಂಗಸರಿಗೂ ಮಕ್ಕಳಿಗೂ ಅಲ್ಲಿ ಆದಾಯ ಎಷ್ಟೆಂದು ನೋಡದೆ ಉಚಿತವಾಗಿ ವಕೀಲರನ್ನು ಕೊಡುತ್ತಾರೆ.